ಎರೆ ಮಣ್ಣಿನ ಅಂಗಳದಾಗ ಗಿಡ ಹಚ್ಚಿದವರ ಅನುಭವ

ಕೇಳಿದ್ದು: ವಿಜಯಪುರದಲ್ಲಿ ಹೊಸ ಮನೆ ಕಟ್ಟಿಸಿದ್ದೇವೆ. ಮುಂದೆ 20 ಅಡಿಗೆ 12 ಅಡಿ ಜಾಗ ಉಳಿದಿದೆ, ಪೂರಾ ಎರೆ ಮಣ್ಣು. ಮಳೆಯಾದರೆ ಕಾಲಿನ ಚಪ್ಪಲಿ ಕಿತ್ತುಕೊಳ್ಳುತ್ತದೆ, ಬೇಸಿಗೆಗೆ ಬಾಯಿ ಬಿಡುತ್ತದೆ. ಎರಡು ಸಲ ಹಚ್ಚಿದ ಗುಲಾಬಿ, ದಾಸವಾಳ ಉಳಿಯಲಿಲ್ಲ. ಮಣ್ಣು ತೆಗೆಸಿ ಮಸಾರಿ ಮಣ್ಣು (ಸಡಿಲ ಕೆಂಪು ಮಣ್ಣು) ತುಂಬಿಸಬೇಕೇ? ಹುಲ್ಲುಹಾಸು ಆದೀತೇ?

ಒಬ್ಬರು: ಅಕ್ಕಾರ, ಮಣ್ಣು ತೆಗೆಸಬೇಡ್ರಿ. ಆ ತಪ್ಪು ನಾನು ಮಾಡಿದ್ದೇನೆ. ಎರಡಡಿ ಗುಂಡಿ ತೋಡಿಸಿ, ಮಸಾರಿ ಮಣ್ಣು, ಗೊಬ್ಬರ ತುಂಬಿ ಪೇರಲ ಗಿಡ ಹಚ್ಚಿದ್ದೆ. ಜುಲೈವರೆಗೆ ಚೆಂದ ಚಿಗುರಿತ್ತು. ಸೆಪ್ಟೆಂಬರಿನಲ್ಲಿ ಮಳೆ ಹಿಡಿದಾಗ ಎಲೆ ಜೋತುಬಿದ್ದವು. ನೀರು ಸಾಲದೆಂದು ಇನ್ನೆರಡು ಕೊಡ ಹಾಕಿದೆ. ಕಡೆಗೆ ಕಿತ್ತು ನೋಡಿದರೆ ಬೇರು ಕಪ್ಪಗಾಗಿ, ಸಿಪ್ಪೆ ಬೆರಳಿಗೇ ಸುಲಿದು ಬಂತು. ಗುಂಡಿಯ ತಳದಲ್ಲಿ ಗೇಣುದ್ದ ನೀರು ನಿಂತಿತ್ತು. ಎರೆ ಮಣ್ಣು ತೊಯ್ದರೆ ಉಬ್ಬಿ ಬಿಗಿಯಾಗುತ್ತದೆ, ನೀರು ಇಳಿಯಗೊಡುವುದಿಲ್ಲ. ನಡುವೆ ಸಡಿಲ ಮಣ್ಣಿನ ಗುಂಡಿ ಇದ್ದರೆ ಅದು ಹಂಡೆಯಾಗಿಬಿಡುತ್ತದೆ. ನಿಮ್ಮ ದಾಸವಾಳವೂ ಹೀಗೇ ಹೋಗಿರಬೇಕು.

ಅದಕ್ಕೇ ಈಗ ಕೆಳಗೆ ತೋಡುವುದನ್ನು ಬಿಟ್ಟು ಮೇಲೆ ಎತ್ತರಿಸಿದ್ದೇನೆ. ಕಾಂಪೌಂಡ್ ಬದಿಗೆ ಫರಸಿ ಕಲ್ಲು ನಿಲ್ಲಿಸಿ, ಒಂದೂವರೆ ಅಡಿ ಎತ್ತರದ ಮಡಿ. ನೀರು ಬಸಿಯಲು ಕಲ್ಲುಗಳ ನಡುವೆ ಸಂದಿ ಬಿಡಿ. ತಳದ ಎರೆ ಮಣ್ಣನ್ನು ಅರ್ಧ ಅಡಿ ಕೆದರಿ ತಿಪ್ಪೆಗೊಬ್ಬರ ಬೆರೆಸಿ, ಆಮೇಲೆ ಮಸಾರಿ ಹಾಕಿ. ಅಗೆಯುವಾಗ ಹದ ನೋಡಬೇಕು: ಮುಷ್ಟಿಯಲ್ಲಿ ಹಿಡಿದ ಉಂಡೆ ಹೆಬ್ಬೆರಳಿಂದ ಒತ್ತಿದರೆ ಪುಡಿಯಾಗಬೇಕು. ನಾದಿದ ಹಿಟ್ಟಿನ ಹಾಗೆ ಒತ್ತಿಕೊಂಡರೆ ಇನ್ನೆರಡು ದಿನ ಕಾಯಿರಿ. ಹಸಿಯಲ್ಲಿ ಅಗೆದರೆ ಎದ್ದ ಹೆಂಟೆ ಒಣಗಿ ಇಟ್ಟಂಗಿಯಾಗುತ್ತದೆ. ನಾಲ್ಕು ಬುಟ್ಟಿ ಮರಳು ಬೆರೆಸಿದರೆ ಸಡಿಲಾಗುತ್ತದೆ ಎನ್ನುವವರ ಮಾತು ಕೇಳಬೇಡಿ, ಅಷ್ಟರಿಂದ ಏನೂ ಆಗುವುದಿಲ್ಲ.

ಬುಡಕ್ಕೆ ಕಬ್ಬಿನ ರವದಿಯನ್ನೋ (ಒಣ ಸೋಗೆ) ತೊಗರಿ ಹೊಟ್ಟನ್ನೋ ನಾಲ್ಕು ಬೆರಳು ದಪ್ಪ ಹಾಸಿ. ಮೇ ತಿಂಗಳಲ್ಲಿ ನಮ್ಮ ಅಂಗಳದ ಬಿರುಕಿನೊಳಗೆ ಮೊಣಕೈವರೆಗೆ ಕೈ ಹೋಗುತ್ತಿತ್ತು. ಮಣ್ಣು ಹಾಗೆ ಸೀಳುವಾಗ ಸಣ್ಣ ಬೇರುಗಳೂ ಹರಿಯುತ್ತವೆ, ಹಾಕಿದ ನೀರೆಲ್ಲ ಸಂದಿಗೆ ಹೋಗುತ್ತದೆ.

ಮನೆಯ ಗೋಡೆಗೆ ಹತ್ತಿಕೊಂಡು ಮಾತ್ರ ಮಡಿ ಕಟ್ಟಬೇಡಿ. ಮೂರಡಿ ಬಿಡಿ, ನೀರಿನ ಇಳಿಜಾರು ಗೇಟಿನ ಕಡೆಗಿರಲಿ. ಬೇವು, ಹೊಂಗೆ ಈ ಮಣ್ಣಿಗೆ ಒಗ್ಗುವ ಮರಗಳೇ, ಆದರೆ 12 ಅಡಿ ಅಂಗಳಕ್ಕಲ್ಲ. ಬೇಸಿಗೆಯಲ್ಲಿ ಪಾಯದ ಬುಡದ ತೇವ ಹೀರುತ್ತವೆ, ಮಣ್ಣು ಕುಗ್ಗಿ ಗೋಡೆ ಬಿರುಕು ಬಿಡುತ್ತದೆ. ಲಿಂಬೆ ಹಚ್ಚಿರಿ, ಇಂಡಿ ಲಿಂಬೆಯ ಸೀಮೆ ನಮ್ಮದು. ದಾಳಿಂಬೆ, ಕರಿಬೇವು, ಕಾಗದದ ಹೂ ಚೆನ್ನಾಗಿ ಬರುತ್ತವೆ. ಹುಲ್ಲುಹಾಸಿನ ಆಸೆ ಬಿಡಿ. ನಡೆಯುವ ಜಾಗಕ್ಕೆ ಗರಸು (ಕಲ್ಲುಮಿಶ್ರಿತ ಗಟ್ಟಿ ಮಣ್ಣು) ಬಡಿದು ಫರಸಿ ಹಾಸಿದರೆ ಚಪ್ಪಲಿಯೂ ಉಳಿದೀತು.

ಇನ್ನೊಬ್ಬರು, ಜಲನಗರದಿಂದ: ನೀರಿನ ಕಡೆಯೂ ಲಕ್ಷ್ಯ ಇರಲಿ. ನಮ್ಮ ಬೋರಿನದು ಸವಳು ನೀರು. ಒಂದೇ ವರ್ಷಕ್ಕೆ ಮಡಿಯ ಮೇಲೆ ಬಿಳಿ ಪೊರೆ ಕಟ್ಟಿತು. ಈಗ ಮಾಳಿಗೆಯ ಮಳೆನೀರು ಹಿಡಿದಿಟ್ಟು ಹಾಕುತ್ತೇವೆ. ಮಣ್ಣು ಸುಧಾರಿಸಲು ಜಿಪ್ಸಂ ಹಾಕಿ ಎಂದು ಅಂಗಡಿಯವರು ಎಲ್ಲರಿಗೂ ಹೇಳುತ್ತಾರೆ. ಮೊದಲು ಒಣಗಿದ ಸಣ್ಣ ಹೆಂಟೆಯೊಂದನ್ನು ಮಳೆನೀರಿನ ಲೋಟದಲ್ಲಿ ಬಿಟ್ಟು, ಅಲುಗಿಸದೆ ಒಂದು ದಿನ ಇಡಿ. ನೀರು ಹಾಲಿನಂತೆ ರಾಡಿಯಾಗಿಯೇ ಉಳಿದರೆ ಮಣ್ಣಿನಲ್ಲಿ ಸೋಡಿಯಂ ಹೆಚ್ಚಿರಬಹುದು, ಆಗ ಜಿಪ್ಸಂ ಕೆಲಸಕ್ಕೆ ಬರುತ್ತದೆ. ಎಷ್ಟು ಹಾಕಬೇಕೆಂಬುದಕ್ಕೆ ಹಿಟ್ನಳ್ಳಿ ಫಾರ್ಮ್‌ನ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ.

ಬಾಗಲಕೋಟೆಯಿಂದ: ಎಳೆ ಎಲೆ ಹಳದಿಯಾಗಿ ನರ ಮಾತ್ರ ಹಸಿರಾಗಿದ್ದರೆ ಗೊಬ್ಬರ ಸುರಿಯಬೇಡಿ, ಅದು ಕಬ್ಬಿಣದ ಕೊರತೆ. ಸುಣ್ಣದಂಶವಿರುವ ಮಣ್ಣಲ್ಲಿ ಕಬ್ಬಿಣ ಇದ್ದರೂ ಬೇರಿಗೆ ಸಿಗದು. ಲೀಟರ್ ನೀರಿಗೆ 5 ಗ್ರಾಂ ಫೆರಸ್ ಸಲ್ಫೇಟ್, 1 ಗ್ರಾಂ ಸಿಟ್ರಿಕ್ ಆಮ್ಲ ಕರಗಿಸಿ ಸಂಜೆ ಎಲೆಗೆ ಸಿಂಪಡಿಸಿ. ನಮ್ಮ ಲಿಂಬೆ ಹಾಗೇ ಚೇತರಿಸಿತು.

ಕೇಳಿದವರು: ಲೋಟದಲ್ಲಿ ಹೆಂಟೆ ಬಿಟ್ಟು ನೋಡಿದೆ. ಬೆಳಿಗ್ಗೆ ಕುಸಿದು ತಳದಲ್ಲಿ ಕೂತಿತ್ತು, ಮೇಲಿನ ನೀರು ತಿಳಿಯಾಗಿತ್ತು. ಜಿಪ್ಸಂ ಖರ್ಚು ಉಳಿಯಿತು. ಫರಸಿ ಕಲ್ಲಿಗೆ ಹೇಳಿದ್ದೇನೆ, ಮೊದಲ ಮಳೆಯಾಗಿ ಹದ ಬಂದ ಮೇಲೆ ಅಗೆಸುತ್ತೇನೆ.