ಪಾಚಿ ತಿನ್ನುವ ಮೀನು ಏನೂ ತಿನ್ನುತ್ತಿಲ್ಲ, ಎರಡು ಸತ್ತವು. ದಯವಿಟ್ಟು ಸಹಾಯ ಮಾಡಿ

ನೀಲಿಕಲ್ಲು:
ತಲೆ ಕೆಟ್ಟುಹೋಗಿದೆ. ಪಾಚಿ ತಿನ್ನುವ ಮೀನು ಅಂತ ತಂದು ಬಿಟ್ಟೆ. ಎರಡೇ ವಾರದಲ್ಲಿ ಪಾಚಿ ಪೂರ್ತಿ ಖಾಲಿ. ಟ್ಯಾಂಕ್ ಲಕಲಕ ಹೊಳೆಯುತ್ತಿದೆ. ಖುಷಿ ಪಡುವಷ್ಟರಲ್ಲಿ ಸಾಯಲು ಶುರುವಾದವು. ಸೋಮವಾರ ಒಂದು, ಇವತ್ತು ಬೆಳಿಗ್ಗೆ ಇನ್ನೊಂದು. ದಿನಾ ವೇಫರ್ (ತಳಕ್ಕೆ ಮುಳುಗುವ ಮೀನಿನ ಊಟದ ಬಿಲ್ಲೆ) ಹಾಕುತ್ತೇನೆ, ಹತ್ತಿರವೂ ಬರುವುದಿಲ್ಲ. ಸೌತೆಕಾಯಿ ಹಾಕಿದೆ, ಅದನ್ನೂ ಮುಟ್ಟಲಿಲ್ಲ. ನೀರು ಚೆನ್ನಾಗಿದೆ. ಬೇರೆ ಮೀನುಗಳೆಲ್ಲ ಆರಾಮಾಗಿವೆ. ಇವಕ್ಕೆ ಏನು ಹಾಕಿದರೆ ತಿನ್ನುತ್ತವೆ ಅಂತ ಯಾರಾದರೂ ನೇರವಾಗಿ ಹೇಳಿ.

ಸ್ಪಾಂಜ್‌ಫಿಲ್ಟರ್:
"ನೀರು ಚೆನ್ನಾಗಿದೆ" ಅಂದರೆ ಎಷ್ಟು? ಮೀನಿನ ಗಲೀಜಿನಿಂದ ನೀರಿಗೆ ಸೇರುವ ಅಮೋನಿಯಾ, ನೈಟ್ರೈಟ್, ನೈಟ್ರೇಟ್ ಮೂರರ ಅಂಕಿ ಕೊಡಿ. ತಿಳಿಯಾಗಿ ಕಂಡ ಮಾತ್ರಕ್ಕೆ ನೀರು ಒಳ್ಳೆಯದಲ್ಲ. ಅಮೋನಿಯಾಕ್ಕೆ ಬಣ್ಣ ಇಲ್ಲ. ಮೀನು ಊಟ ಬಿಟ್ಟಿದೆ ಅಂದರೆ ನಾನು ಮೊದಲು ನೋಡುವುದು ಇದನ್ನೇ.

ಕಾಡುಕಟ್ಟಿಗೆ:
ಯಾವ ಮೀನು ಅಂತಲೇ ಹೇಳಿಲ್ಲವಲ್ಲ. ಗಾಜಿಗೆ ಅಂಟುವ ಪುಟ್ಟ ಒಟೊ? ಬ್ರಿಸಲ್‌ನೋಸ್? ಸಯಾಮೀಸ್? "ಪಾಚಿ ತಿನ್ನುವ ಮೀನು" ಅನ್ನುವುದು ಒಂದು ಜಾತಿಯ ಹೆಸರಲ್ಲ. ಒಂದೊಂದರ ಊಟ ಒಂದೊಂದು ಥರ. ಬ್ರಿಸಲ್‌ನೋಸ್ ಆದರೆ ಮರದ ತುಂಡನ್ನೂ ಕೆರೆಯುತ್ತದೆ, ತರಕಾರಿಯನ್ನೂ ತಿನ್ನುತ್ತದೆ, ರಾತ್ರಿ ವೇಫರ್ ಹುಡುಕಿಕೊಂಡು ಬರುತ್ತದೆ. ಒಟೊ ಹಾಗಲ್ಲ. ಅದಕ್ಕೆ ವೇಫರ್ ಊಟ ಅಂತಲೇ ಗೊತ್ತಿರುವುದಿಲ್ಲ. ಜಾತಿ, ಟ್ಯಾಂಕ್ ಅಳತೆ, ಟ್ಯಾಂಕ್ ಶುರು ಮಾಡಿ ಎಷ್ಟು ದಿನ ಆಯಿತು, ಜೊತೆಗೆ ಯಾರ್ಯಾರಿದ್ದಾರೆ, ಇಷ್ಟು ಹೇಳಿ.

ನೀಲಿಕಲ್ಲು:
ಒಟೊ ಸರ್. 6 ತಂದಿದ್ದೆ, ಈಗ 4. 60 ಲೀಟರ್ ಟ್ಯಾಂಕ್. ಜೊತೆಗೆ 8 ನಿಯಾನ್ ಟೆಟ್ರಾ. ಟೆಸ್ಟ್ ಸ್ಟ್ರಿಪ್ ಅದ್ದಿ ನೋಡಿದೆ. ನೈಟ್ರೈಟ್ 0, ನೈಟ್ರೇಟ್ 10, ಪಿಎಚ್ 7.4. ಎಲ್ಲ ಸರಿ ಇದೆ ಅಲ್ವಾ?

ಸ್ಪಾಂಜ್‌ಫಿಲ್ಟರ್:
ಅಮೋನಿಯಾ ಎಲ್ಲಿ? ಹೆಚ್ಚಿನ ಸ್ಟ್ರಿಪ್‌ಗಳಲ್ಲಿ ಅಮೋನಿಯಾದ ಚೌಕವೇ ಇರುವುದಿಲ್ಲ. ಮುಖ್ಯವಾದದ್ದನ್ನೇ ಬಿಟ್ಟು ಉಳಿದದ್ದು ಸರಿ ಇದೆ ಅಂದರೆ ಹೇಗೆ? ಪಿಎಚ್ ಏರಿದಷ್ಟೂ ಅಮೋನಿಯಾದ ವಿಷ ಜಾಸ್ತಿ. ಹನಿ ಹಾಕುವ ದ್ರವದ ಕಿಟ್‌ನಲ್ಲಿ ನೋಡಿ. ಇವತ್ತೇ ಅರ್ಧ ನೀರು ಬದಲಿಸಿ.

ಗಪ್ಪಿಮನೆ:
ಒಂದೇ ಸಲ ಅರ್ಧ ನೀರು ಬೇಡ. ಮೊದಲೇ ಸೋತಿರುವ ಮೀನು ಅದು. ಕಾಲು ಭಾಗ ಸಾಕು. ಹೊಸ ನೀರಿನ ಉಷ್ಣತೆ ಟ್ಯಾಂಕ್‌ನಷ್ಟೇ ಇರಲಿ, ಕ್ಲೋರಿನ್ ತೆಗೆಯುವ ದ್ರಾವಣ ಮರೆಯಬೇಡಿ. ಮತ್ತೆ, ಸ್ಟ್ರಿಪ್ ಅಂದ ತಕ್ಷಣ ಮೂಗು ಮುರಿಯಬೇಡಿ. ನಾನು ಎಷ್ಟೋ ವರ್ಷದಿಂದ ಸ್ಟ್ರಿಪ್ ಬಳಸುತ್ತಿದ್ದೇನೆ.

ಸ್ಪಾಂಜ್‌ಫಿಲ್ಟರ್:
ಡಬ್ಬಿಯ ಮುಚ್ಚಳ ತೆರೆದಿಟ್ಟರೆ ತೇವ ಹಿಡಿದು ಸ್ಟ್ರಿಪ್ ಸುಳ್ಳು ಬಣ್ಣ ತೋರಿಸುತ್ತದೆ. ನಾನೇ ನೋಡಿದ್ದೇನೆ. ಅದನ್ನು ನಂಬಿ ಮೀನು ಕಳೆದುಕೊಂಡವರನ್ನೂ ನೋಡಿದ್ದೇನೆ.

ಗಪ್ಪಿಮನೆ:
ಹನಿ ಕಿಟ್‌ನಲ್ಲೂ ತಪ್ಪಾಗುತ್ತದೆ. ನೈಟ್ರೇಟ್‌ನ ಎರಡನೇ ಬಾಟಲಿಯನ್ನು ಜೋರಾಗಿ ಕುಲುಕದಿದ್ದರೆ ನಿಜವಾದದ್ದಕ್ಕಿಂತ ಕಡಿಮೆ ತೋರಿಸುತ್ತದೆ. ಯಾವ ಕಿಟ್ ಆದರೂ ಸರಿಯಾಗಿ ಬಳಸಿದರೆ ಸಾಕು.

ಕಾಡುಕಟ್ಟಿಗೆ:
ಕಿಟ್ ಜಗಳ ಆಮೇಲೆ ಆಡಿ, ಪಾಪ ಅವರ ಮೀನು ಸಾಯುತ್ತಿದೆ. ನೀಲಿಕಲ್ಲು ಅವರೇ, ಒಂದು ಕೆಲಸ ಮಾಡಿ. ಒಟೊ ಗಾಜಿಗೆ ಅಂಟಿಕೊಂಡಾಗ ಹೊರಗಿನಿಂದ ಹೊಟ್ಟೆ ನೋಡಿ. ಕಡಲೆಕಾಳಿನ ಹಾಗೆ ಉಬ್ಬಿ ಬೆಳ್ಳಗಿದೆಯಾ? ಚಪ್ಪಟೆಯಾಗಿದೆಯಾ? ಒಳಗೆ ಹೋಗಿದೆಯಾ? ಒಟೊ ವಿಷಯದಲ್ಲಿ ನಾನು ಎಲ್ಲಕ್ಕಿಂತ ಮೊದಲು ನಂಬುವುದು ಹೊಟ್ಟೆಯನ್ನು. ಟ್ಯಾಂಕ್‌ಗೆ ಎಷ್ಟು ದಿನ ಅಂತ ನೀವು ಇನ್ನೂ ಹೇಳಿಲ್ಲ.

ನೀಲಿಕಲ್ಲು:
ನೋಡಿದೆ. ಎರಡರ ಹೊಟ್ಟೆ ಚಪ್ಪಟೆ. ಒಂದರದ್ದು ಒಳಗೇ ಹೋಗಿದೆ. ನಾಲ್ಕನೆಯದು ಗಿಡದ ಹಿಂದಿದೆ, ಕಾಣುತ್ತಿಲ್ಲ. ಟ್ಯಾಂಕ್ ಎರಡು ತಿಂಗಳದ್ದು. ಎಲ್ಲ ಕಡೆ ಕಂದು ಪಾಚಿ ಬಂದಿತ್ತು, ಅದಕ್ಕೇ ಒಟೊ ತಂದಿದ್ದು. ಆ ಪಾಚಿ ಈಗ ಒಂದು ಚೂರೂ ಇಲ್ಲ.

ಕಾಡುಕಟ್ಟಿಗೆ:
ಅಲ್ಲಿಗೆ ವಿಷಯ ಅರ್ಥವಾಯಿತು. ಅವು ಹಸಿದು ಸಾಯುತ್ತಿವೆ.

ಆ ಕಂದು ಪಾಚಿ ಡಯಾಟಮ್. ಹೊಸ ಟ್ಯಾಂಕ್‌ಗಳಲ್ಲಿ ಬರುತ್ತದೆ, ನೀರಿನ ಸಿಲಿಕಾ ಬಳಸಿ ತನ್ನ ಚಿಪ್ಪು ಕಟ್ಟಿಕೊಳ್ಳುತ್ತದೆ. ಟ್ಯಾಂಕ್ ಹಳೆಯದಾಗುತ್ತಾ ತಾನಾಗಿಯೇ ಕಡಿಮೆಯಾಗುತ್ತದೆ. ಒಟೊಗೆ ಅದು ತುಂಬಾ ಇಷ್ಟ. 60 ಲೀಟರ್‌ನಲ್ಲಿ ಆರು ಒಟೊ ಸೇರಿದರೆ ಬೇಗ ಮುಗಿಸುತ್ತವೆ. ಆಮೇಲೆ? ಹಳೆಯ ಟ್ಯಾಂಕ್ ಆದರೆ ಕಲ್ಲು, ಎಲೆ, ಕಟ್ಟಿಗೆ ಮೇಲೆಲ್ಲ ಕಣ್ಣಿಗೆ ಕಾಣದ ಲೋಳೆಯ ಪದರ ಇರುತ್ತದೆ. ಅದನ್ನು ಕೆರೆದುಕೊಂಡು ಬದುಕುತ್ತವೆ. ಎರಡು ತಿಂಗಳ ಟ್ಯಾಂಕ್‌ನಲ್ಲಿ ಆ ಪದರ ಇನ್ನೂ ತೆಳು.

ಇನ್ನೊಂದು ವಿಷಯ. ಮಾರಾಟಕ್ಕೆ ಬರುವ ಒಟೊಗಳಲ್ಲಿ ಹೆಚ್ಚಿನವು ದಕ್ಷಿಣ ಅಮೆರಿಕದ ನದಿಗಳಲ್ಲಿ ಹಿಡಿದವು. ಕೈಯಿಂದ ಕೈಗೆ ದಾಟಿ ಬರುವ ಹೊತ್ತಿಗೆ ಎಷ್ಟೋ ದಿನ ಹೊಟ್ಟೆಗೆ ಏನೂ ಬಿದ್ದಿರುವುದಿಲ್ಲ. ಅದಕ್ಕೇ ಮೊದಲ ಕೆಲವು ವಾರ ತುಂಬಾ ಕಷ್ಟ. ಅಷ್ಟು ದಾಟಿದರೆ ಗಟ್ಟಿ ಮೀನು, ವರ್ಷಗಟ್ಟಲೆ ಇರುತ್ತದೆ.

ಸ್ಪಾಂಜ್‌ಫಿಲ್ಟರ್:
ಹಸಿವು ಇರಬಹುದು. ಆದರೂ ಎರಡು ತಿಂಗಳ ಟ್ಯಾಂಕ್ ಅಂದರೆ ಸೈಕಲ್, ಅಂದರೆ ಅಮೋನಿಯಾವನ್ನು ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾ ನೆಲೆಯೂರುವುದು, ಸರಿಯಾಗಿ ಆಗಿದೆ ಅಂತ ಯಾರು ಹೇಳಿದರು? ನೀಲಿಕಲ್ಲು, ಅಮೋನಿಯಾ ನೋಡಿದಿರಾ?

ಇಂಗಾಲದೀಪ:
ನನ್ನ 300 ಲೀಟರ್ ಟ್ಯಾಂಕ್‌ನಲ್ಲಿ 14 ಒಟೊ ಇವೆ. ಒಂದೂ ಸತ್ತಿಲ್ಲ. ಗಿಡಗಳಿಗೆ ಸಿಲಿಂಡರ್‌ನಿಂದ ಇಂಗಾಲದ ಡೈಆಕ್ಸೈಡ್ ಕೊಡುತ್ತೇನೆ, ಅದರ ಪ್ರಮಾಣವನ್ನು ಬಣ್ಣದಲ್ಲಿ ತೋರಿಸುವ ಡ್ರಾಪ್ ಚೆಕರ್ ಯಾವಾಗಲೂ ತಿಳಿ ಹಸಿರು. ದೀಪ ದಿನಕ್ಕೆ 8 ಗಂಟೆ. ಎರಡು ಕ್ಯಾನಿಸ್ಟರ್ ಫಿಲ್ಟರ್. ಕಪ್ಪು ಗಡ್ಡದ ಪಾಚಿಯನ್ನೂ ಒಟೊಗಳೇ ತಿಂದು ಮುಗಿಸಿದವು. ಒಳ್ಳೆಯ ದೀಪ ಹಾಕಿ, ಪಾಚಿ ತಾನಾಗಿ ಬೆಳೆಯುತ್ತದೆ, ಊಟದ ಚಿಂತೆಯೇ ಇರುವುದಿಲ್ಲ.

ಕಾಡುಕಟ್ಟಿಗೆ:
ಟ್ಯಾಂಕ್ ಚೆನ್ನಾಗಿದೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಕಪ್ಪು ಗಡ್ಡವನ್ನು ಒಟೊ ತಿಂದಿರಲಾರದು. ಅದು ಕೆಂಪು ಪಾಚಿಯ ಜಾತಿ, ಒರಟು. ಒಟೊ ಬಾಯಿಗೆ ಮೆತ್ತನೆಯದೇ ಆಗಬೇಕು. ಕಪ್ಪು ಗಡ್ಡ ತಿನ್ನುವುದಕ್ಕೆ ಹೆಸರಾದದ್ದು ಸಯಾಮೀಸ್. ಅದೂ ದೊಡ್ಡದಾಗಿ ಗುಳಿಗೆಯ ರುಚಿ ಹತ್ತಿದ ಮೇಲೆ ಪಾಚಿಯ ಕಡೆ ತಿರುಗಿ ನೋಡುವುದು ಕಮ್ಮಿ. ನಿಮ್ಮ ಟ್ಯಾಂಕ್‌ನಲ್ಲಿ ಬೇರೆ ಯಾರೋ ತಿಂದಿದ್ದಾರೆ.

ಇಂಗಾಲದೀಪ:
ಸಯಾಮೀಸ್ ಮೂರಿವೆ. ಆದರೆ ಒಟೊ ಅದರ ಮೇಲೆ ಕೂತಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ.

ಕಾಡುಕಟ್ಟಿಗೆ:
ಕೂತಿರಬಹುದು. ಆ ಪಾಚಿಯ ಮೇಲಿನ ಲೋಳೆ ಕೆರೆಯಲು ಕೂರುತ್ತದೆ.

ನೀಲಿಕಲ್ಲು:
ಅಮೋನಿಯಾ ಹನಿ ಕಿಟ್ ತಂದು ನೋಡಿದೆ. 0. ಎರಡು ಸಲ ನೋಡಿದೆ. ಹಸಿವೇ ಅನ್ನುವುದಾದರೆ ವೇಫರ್ ಯಾಕೆ ತಿನ್ನುವುದಿಲ್ಲ? ಸೌತೆಕಾಯಿ ಯಾಕೆ ಬೇಡ? ಹಸಿದವರು ಎದುರಿಗಿದ್ದದ್ದು ತಿನ್ನುವುದಿಲ್ಲವಾ? ನನಗೆ ಇದೇ ಅರ್ಥವಾಗುತ್ತಿಲ್ಲ.

ಗಪ್ಪಿಮನೆ:
ಸೌತೆಕಾಯಿ ಹೇಗೆ ಹಾಕಿದಿರಿ? ಎಷ್ಟು ಹೊತ್ತು ಬಿಟ್ಟಿರಿ?

ನೀಲಿಕಲ್ಲು:
ಒಂದು ಬಿಲ್ಲೆ ಕತ್ತರಿಸಿ ಹಾಗೇ ಹಾಕಿದೆ. ತೇಲುತ್ತಿತ್ತು. ನೀರು ಕೆಡುತ್ತದೆ ಅಂತ ಎರಡು ಗಂಟೆ ಬಿಟ್ಟು ತೆಗೆದೆ. ವೇಫರ್ ಬೆಳಿಗ್ಗೆ ದೀಪ ಹಾಕಿದ ಮೇಲೆ ಹಾಕುತ್ತೇನೆ. ಐದು ನಿಮಿಷಕ್ಕೆ ಟೆಟ್ರಾಗಳು ಮುತ್ತಿಕೊಂಡು ಕಿತ್ತಾಡುತ್ತವೆ.

ಗಪ್ಪಿಮನೆ:
ಕಾರಣ ಇಲ್ಲೇ ಇದೆ ನೋಡಿ. ಒಟೊ ಗಾಜು, ಎಲೆ, ಕಲ್ಲು ಹಿಡಿದು ತಿನ್ನುವ ಮೀನು. ಮೇಲೆ ತೇಲುವ ಬಿಲ್ಲೆಗೆ ಬರುವುದು ಕಷ್ಟ. ಸೌತೆಯಂತೆ ಕಾಣುವ ಜುಕಿನಿ ಸಿಕ್ಕರೆ ಅದನ್ನೇ ತನ್ನಿ, ಸೌತೆಯಲ್ಲಿ ಬರೀ ನೀರು. ಬೆರಳಿನಷ್ಟು ದಪ್ಪಕ್ಕೆ ಕತ್ತರಿಸಿ ಕುದಿಯುವ ನೀರಿನಲ್ಲಿ ಒಂದೆರಡು ನಿಮಿಷ ಬೇಯಿಸಿ, ತಣ್ಣಗೆ ಮಾಡಿ, ಸ್ಟೀಲ್ ಫೋರ್ಕ್ ಚುಚ್ಚಿ ತಳಕ್ಕೆ ಇಳಿಬಿಡಿ. ದೀಪ ಆರಿಸಿದ ಮೇಲೆ ಹಾಕಿ. ರಾತ್ರಿಯೆಲ್ಲ ಇರಲಿ. 24 ಗಂಟೆ ಆಗುವ ಮೊದಲು ತೆಗೆಯಿರಿ. ಮೊದಲ ದಿನ ಮುಟ್ಟದಿದ್ದರೆ ಸೋಲಬೇಡಿ. ನಮ್ಮ ಒಟೊಗಳಿಗೆ ಅದು ಊಟ ಅಂತ ಗೊತ್ತಾಗಲು ಎಂಟು ದಿನ ಬೇಕಾಯಿತು. ಎಂಟು ದಿನ ಹಾಕಿದ್ದನ್ನು ಹಾಗೇ ತೆಗೆದೆ. ಒಂಬತ್ತನೇ ದಿನ ಒಂದು ಬಂದು ಕೂತಿತು, ಅದನ್ನು ನೋಡಿ ಉಳಿದವೂ ಬಂದವು. ಆ ಬೆಳಿಗ್ಗೆ ನನಗಾದ ಸಂತೋಷ ಇನ್ನೂ ನೆನಪಿದೆ.

ಇಂಗಾಲದೀಪ:
ಬೇಯಿಸುವುದು ಯಾಕೆ? ಹಸಿಯದ್ದೇ ಕಲ್ಲು ಕಟ್ಟಿ ಮುಳುಗಿಸಿದರೆ ಆಯಿತು. ಬೇಯಿಸಿದರೆ ಬೇಗ ಕೊಳೆಯುತ್ತದೆ.

ಗಪ್ಪಿಮನೆ:
ಪ್ಲೆಕೊದಂಥ ದೊಡ್ಡ ಅಂಟುಬಾಯಿಯ ಮೀನಿಗೆ ಹಸಿಯದು ನಡೆಯುತ್ತದೆ. ನಾಲ್ಕೈದು ಸೆಂಟಿಮೀಟರ್ ಇರುವ ಮೀನಿನ ಬಾಯಿಗೆ ಮೆತ್ತಗಾಗಬೇಕು. ಹಸಿಯದೇ ಹಾಕುವುದಾದರೆ ಫ್ರೀಜರ್‌ನಲ್ಲಿಟ್ಟು ಕರಗಿಸಿ ಹಾಕಿ, ಆಗಲೂ ಮೆತ್ತಗಾಗುತ್ತದೆ, ಮುಳುಗುತ್ತದೆ.

ಇಂಗಾಲದೀಪ:
ನನ್ನ ಪ್ಲೆಕೊ 30 ಸೆಂಟಿಮೀಟರ್. ಇಡೀ ಸೌತೆಕಾಯಿ ಒಂದೇ ರಾತ್ರಿಗೆ ಖಾಲಿ, ಸಿಪ್ಪೆ ಮಾತ್ರ ಉಳಿಯುತ್ತದೆ. ಅದಕ್ಕೆ ಅಂತಲೇ ಇನ್ನೊಂದು ದೊಡ್ಡ ಟ್ಯಾಂಕ್ ಕಟ್ಟಿಸುತ್ತಿದ್ದೇನೆ.

ಕಾಡುಕಟ್ಟಿಗೆ:
ತರಕಾರಿ ಕಲಿಯುವವರೆಗೆ ಕಾಯುವಷ್ಟು ಶಕ್ತಿ ಆ ಒಳಗೆ ಹೋದ ಹೊಟ್ಟೆಯ ಮೀನಿಗೆ ಇಲ್ಲ. ಅದಕ್ಕೆ ಗೊತ್ತಿರುವ ಊಟವನ್ನೇ ಬೆಳೆಸಿ ಕೊಡಬೇಕು. ನಾನು ಮಾಡುವುದು ಹೀಗೆ. ಅಂಗೈ ಅಗಲದ ನಯವಾದ ಕಲ್ಲು ಆರೇಳು ತೊಳೆದು ಗಾಜಿನ ಭರಣಿಗೆ ಹಾಕುತ್ತೇನೆ. ಟ್ಯಾಂಕ್‌ನಿಂದ ಬದಲಿಸಿ ತೆಗೆದ ಹಳೆಯ ನೀರನ್ನೇ ಅದಕ್ಕೆ ಸುರಿಯುತ್ತೇನೆ, ಅದರಲ್ಲಿ ಪಾಚಿಗೆ ಬೇಕಾದ ನೈಟ್ರೇಟ್ ಇದೆ. ಭರಣಿ ಬಿಸಿಲು ಬೀಳುವ ಕಿಟಕಿಯಲ್ಲಿ. ವಾರ, ಹತ್ತು ದಿನದಲ್ಲಿ ಕಲ್ಲಿನ ಮೇಲೆ ಹಸಿರು ಪದರ ಹಿಡಿಯುತ್ತದೆ. ಒಂದೊಂದೇ ಕಲ್ಲು ಟ್ಯಾಂಕ್‌ಗೆ, ನೆಕ್ಕಿ ಮುಗಿಸಿದ ಕಲ್ಲು ವಾಪಸ್ ಭರಣಿಗೆ. ಎರಡು ಭರಣಿ ಇದ್ದರೆ ನಡುವೆ ಕೊರತೆ ಬೀಳುವುದಿಲ್ಲ.

ಅದು ಆಗುವವರೆಗೆ ಜೆಲ್ ಊಟ. ಪಾಚಿಯಿಂದ ಮಾಡಿದ ಪುಡಿ ಸಿಗುತ್ತದೆ. ಒಂದು ಭಾಗ ಪುಡಿಗೆ ಮೂರು ಭಾಗ ಕುದಿಯುವ ನೀರು ಸೇರಿಸಿ ಕಲ್ಲಿನ ಮೇಲೆ ತೆಳ್ಳಗೆ ಹರಡಿ. ಆರಿದರೆ ಗಟ್ಟಿಯಾಗುತ್ತದೆ. ಆ ಕಲ್ಲನ್ನು ಒಟೊ ದಿನಾ ಕೂರುವ ಜಾಗದಲ್ಲೇ ಇಡಿ.

ಒಂದು ಮಾತು ಕೇಳಬೇಕು. ಕಂದು ಪಾಚಿ ಪೂರ್ತಿ ಅವೇ ತಿಂದವಾ? ನೀವು ಏನಾದರೂ ಉಜ್ಜಿದಿರಾ?

ನೀಲಿಕಲ್ಲು:
ಗಾಜು ವಾರಕ್ಕೊಮ್ಮೆ ಉಜ್ಜುತ್ತೇನೆ, ಅದು ಮಾಮೂಲು ಅಲ್ವಾ? ಹೋದ ಭಾನುವಾರ ಕಲ್ಲು, ಕಟ್ಟಿಗೆ ಎರಡನ್ನೂ ತೆಗೆದು ಬಿಸಿನೀರಿನಲ್ಲಿ ಬ್ರಷ್ ಹಾಕಿ ತೊಳೆದೆ. ಲೋಳೆ ಲೋಳೆ ಆಗಿತ್ತು. ಗಲೀಜು ಅಂದುಕೊಂಡೆ.

ಕಾಡುಕಟ್ಟಿಗೆ:
ಆ ಲೋಳೆಯೇ ಅವುಗಳ ಊಟ. ಭಾನುವಾರ ತೊಳೆದಿರಿ, ಸೋಮವಾರ ಮೊದಲನೆಯದು ಸತ್ತಿತು. ಒಂದೇ ದಿನದ ಹಸಿವಿಗೆ ಸಾಯುವುದಿಲ್ಲ, ಅದು ಮೊದಲೇ ಸೋತಿತ್ತು. ಉಳಿದವಕ್ಕೂ ಆಸರೆ ಹೋಯಿತು. ನಿಮ್ಮನ್ನು ಬೈಯುತ್ತಿಲ್ಲ. ಟ್ಯಾಂಕ್ ಶುಚಿಯಾಗಿರಬೇಕು ಅಂತಲೇ ಎಲ್ಲರೂ ಹೇಳುವುದು. ಇನ್ನು ಮುಂದೆ ಎದುರಿನ ಗಾಜು ಮಾತ್ರ ಉಜ್ಜಿ. ಹಿಂದಿನದ್ದು, ಪಕ್ಕದವು, ಕಲ್ಲು, ಕಟ್ಟಿಗೆ ಯಾವುದನ್ನೂ ಮುಟ್ಟಬೇಡಿ.

ಸ್ಪಾಂಜ್‌ಫಿಲ್ಟರ್:
ಕಲ್ಲು, ಕಟ್ಟಿಗೆ ಬಿಸಿನೀರಿನಲ್ಲಿ ತೊಳೆದರೆ ಒಳ್ಳೆಯ ಬ್ಯಾಕ್ಟೀರಿಯಾ ಕೂಡ ಸಾಯುತ್ತವೆ. ಅಮೋನಿಯಾ ಈಗ 0 ಇದ್ದರೂ ನಾಳೆ ಏರಬಹುದು. ದಿನಾ ನೋಡುತ್ತಿರಿ. ಜೆಲ್, ತರಕಾರಿ ಎಲ್ಲ ಹಾಕುವಾಗ ಇನ್ನೂ ಜಾಸ್ತಿ ಗಮನ ಬೇಕು, ಉಳಿದದ್ದು ಕೊಳೆತರೆ ಅಮೋನಿಯಾ ಬಂದೇ ಬರುತ್ತದೆ. ನಾನು ಒಂದೇ ಹಿಡಿದು ಕೂತೆ ಅನ್ನಿಸಿದರೂ ಪರವಾಗಿಲ್ಲ.

ಕಾಡುಕಟ್ಟಿಗೆ:
ಇದು ಸರಿಯಾದ ಮಾತು. ಒಪ್ಪುತ್ತೇನೆ.

ನೀಲಿಕಲ್ಲು:
ಜೆಲ್ ಮಾಡಿ ಇಟ್ಟೆ. ರಾತ್ರಿ ಮೊಬೈಲ್ ಬೆಳಕಿನಲ್ಲಿ ನೋಡಿದೆ. ಎರಡು ಒಟೊ ಬಂದವು! ಆದರೆ ಹಳದಿ ಮೀನು ಓಡಿಸಿಬಿಟ್ಟಿತು. ಕಲ್ಲಿನ ಮೇಲೆ ಅದೇ ಕೂತಿದೆ.

ಗಪ್ಪಿಮನೆ:
ಯಾವ ಹಳದಿ ಮೀನು?

ನೀಲಿಕಲ್ಲು:
ಓ, ಹೇಳಲಿಲ್ಲವಾ. ಒಟೊ ಜೊತೆ ಒಂದು ಹಳದಿ ಸಕ್ಕರ್ ತಂದಿದ್ದೆ. ಅದೂ ಪಾಚಿ ತಿನ್ನುತ್ತದೆ ಅಂದರು. 7 ಸೆಂಟಿಮೀಟರ್ ಇರಬಹುದು. ಚೆನ್ನಾಗಿ ತಿನ್ನುತ್ತದೆ, ಅದಕ್ಕೇನೂ ಸಮಸ್ಯೆ ಇಲ್ಲ ಅಂತ ಬರೆಯಲಿಲ್ಲ.

ಇಂಗಾಲದೀಪ:
ಹಳದಿ ಅಂದರೆ ಬಂಗಾರದ ಬಣ್ಣದ ಸಯಾಮೀಸ್ ಇರಬೇಕು. ಒಳ್ಳೆಯ ಮೀನು, ಇಟ್ಟುಕೊಳ್ಳಿ.

ಕಾಡುಕಟ್ಟಿಗೆ:
ಅಲ್ಲ. ಸಯಾಮೀಸ್‌ಗೆ ಮೂಗಿನಿಂದ ಬಾಲದ ತುದಿಯವರೆಗೆ ಕಪ್ಪು ಪಟ್ಟಿ ಇರುತ್ತದೆ. ಗಾಜಿಗೆ ಬಾಯಿ ಅಂಟಿಸಿ ಗಟ್ಟಿಯಾಗಿ ಹಿಡಿದುಕೊಳ್ಳುವುದೂ ಇಲ್ಲ. ಇದು ಗಾಜಿಗೆ ಅಂಟಿಕೊಂಡು ಕಿವಿರು ಪಟಪಟ ಬಡಿಯುತ್ತದಾ? ಹಾಗಾದರೆ ಚೈನೀಸ್ ಆಲ್ಗೀ ಈಟರ್. ಕಿವಿರಿನ ಮೇಲ್ಭಾಗದಲ್ಲಿ ಇನ್ನೊಂದು ತೂತಿದೆ, ಬಾಯಿ ಅಂಟಿಸಿಕೊಂಡೇ ಅದರಿಂದ ನೀರು ಒಳಗೆ ಎಳೆಯುತ್ತದೆ. ಹೆಸರಲ್ಲಿ ಚೈನೀಸ್ ಇದ್ದರೂ ಥಾಯ್ಲೆಂಡ್, ಮೆಕಾಂಗ್ ನದಿ ಕಡೆಯದು. ಮರಿಯಿದ್ದಾಗ ಪಾಚಿ ತಿನ್ನುತ್ತದೆ. ಬೆಳೆದರೆ 25 ಸೆಂಟಿಮೀಟರ್ ದಾಟುತ್ತದೆ, ಜಾಗ ನಂದೇ ಅನ್ನುತ್ತದೆ, ಚಪ್ಪಟೆ ಮೈಯ ನಿಧಾನದ ಮೀನಿಗೆ ಅಂಟಿ ಮೈಯ ಲೋಳೆ ಎಳೆಯುತ್ತದೆ. 60 ಲೀಟರ್‌ನಲ್ಲಿ ಅದಕ್ಕೂ ಒಳ್ಳೆಯದಲ್ಲ, ಒಟೊಗೂ ಅಲ್ಲ. ದೊಡ್ಡ ಟ್ಯಾಂಕ್ ಇರುವವರಿಗೆ ಕೊಡಿ.

ನೀಲಿಕಲ್ಲು:
ಹೌದು, ಕಿವಿರು ಪಟಪಟ. ಬೇರೆಯವರಿಗೆ ಕೊಡಲು ಕೇಳುತ್ತಿದ್ದೇನೆ. ಸದ್ಯಕ್ಕೆ ಮರಿ ಬಿಡುವ ಬಲೆಯ ಡಬ್ಬಿಯನ್ನು ಟ್ಯಾಂಕ್ ಒಳಗೇ ತೂಗುಹಾಕಿ ಒಟೊ ನಾಲ್ಕನ್ನೂ ಅದರಲ್ಲಿ ಹಾಕಿದ್ದೇನೆ. ಜೊತೆಗೆ ಜೆಲ್ ಕಲ್ಲು. ಹೀಗೆ ಮಾಡಿದ್ದು ಸರಿಯಾ?

ಗಪ್ಪಿಮನೆ:
ಸರಿ. ಟ್ಯಾಂಕ್‌ನ ಎರಡು ಎಲೆಯನ್ನೂ ಒಳಗೆ ಹಾಕಿ, ಅಡಗಲು ಜಾಗ ಬೇಕು. ನೀರು ಒಳಗೆ ಓಡಾಡುತ್ತಿರಲಿ. ಒಂದೊಂದು ಸಲ ಸರ್ರನೆ ಮೇಲೆ ಹೋಗಿ ಗಾಳಿ ನುಂಗಿ ಬಂದರೆ ಹೆದರಬೇಡಿ, ಒಟೊ ಹಾಗೆ ಮಾಡುವುದುಂಟು. ಪದೇ ಪದೇ ಮಾಡಿದರೆ ಮಾತ್ರ ಬರೆಯಿರಿ.

ನೀಲಿಕಲ್ಲು:
ಆರು ದಿನ ಆಯಿತು. ಹೊಟ್ಟೆ ಒಳಗೆ ಹೋಗಿದ್ದದ್ದು ಮೂರನೇ ದಿನ ಸತ್ತಿತು. ಉಳಿದ ಮೂರೂ ಜೆಲ್ ತಿನ್ನುತ್ತಿವೆ. ಎರಡರ ಹೊಟ್ಟೆ ಈಗ ಚಪ್ಪಟೆ ಅಲ್ಲ, ಸ್ವಲ್ಪ ಉಬ್ಬಿದೆ, ಬೆಳ್ಳಗೆ ಕಾಣುತ್ತಿದೆ. ಮೂರನೆಯದರದ್ದು ಇನ್ನೂ ಗೊತ್ತಾಗುತ್ತಿಲ್ಲ. ಅಮೋನಿಯಾ ದಿನಾ ನೋಡುತ್ತಿದ್ದೇನೆ, 0. ಜುಕಿನಿ ನಾಲ್ಕು ರಾತ್ರಿ ಹಾಕಿದೆ, ಮುಟ್ಟಿಲ್ಲ, ಹಾಕುತ್ತಲೇ ಇರುತ್ತೇನೆ. ಕಿಟಕಿಯ ಭರಣಿಯಲ್ಲಿ ಕಲ್ಲಿಗೆ ತೆಳ್ಳಗೆ ಹಸಿರು ಹಿಡಿಯುತ್ತಿದೆ. ಹಳದಿ ಮೀನಿಗೆ ಇನ್ನೂ ಜಾಗ ಸಿಕ್ಕಿಲ್ಲ.

ಇಂಗಾಲದೀಪ:
ಪ್ಲೆಕೊ ಟ್ಯಾಂಕ್ ಮುಗಿದ ಮೇಲೆ ನನ್ನ ಬಳಿ ಜಾಗ ಆಗುತ್ತದೆ. ಒಂದು ತಿಂಗಳು ಇಟ್ಟುಕೊಳ್ಳಲು ಆಗುತ್ತದಾ?

ಹೊಸಬ್ರಿಸಲ್:
ಇಲ್ಲೇ ಕೇಳಬಹುದಾ ಗೊತ್ತಿಲ್ಲ. ನನ್ನ ಬ್ರಿಸಲ್‌ನೋಸ್ ಜುಕಿನಿ ಚೆನ್ನಾಗಿ ತಿನ್ನುತ್ತದೆ. ಆದರೆ ಎರಡು ದಿನದಿಂದ ಕಟ್ಟಿಗೆ ಕೆಳಗಿನಿಂದ ಹೊರಗೆ ಬಂದಿಲ್ಲ. ಏನಿರಬಹುದು?

ಸ್ಪಾಂಜ್‌ಫಿಲ್ಟರ್:
ಅಮೋನಿಯಾ ಎಷ್ಟಿದೆ?