ಗಾಳಿಯಂತ್ರದ ಕೈಗಡ

ಆಷಾಢದ ಸಂಜೆ ಚಿತ್ರದುರ್ಗದ ನಮ್ಮ ಜಗುಲಿಯಲ್ಲಿ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿಗಳ ಮುಂದೆ ಕುಳಿತಿದ್ದಾಗ, ವಕೀಲ ಮಿತ್ರರು ಜೋಗಿಮಟ್ಟಿ ಬೆಟ್ಟದ ಕಡೆ ಕೈಮಾಡಿ, “ಅಷ್ಟೊಂದು ಗಾಳಿಯಂತ್ರಗಳು ಬಿಡದೆ ತಿರುಗುತ್ತಿರುವಾಗ ಗ್ರಿಡ್ಡಿಗೆ ಆವರ್ತನದ ಚಿಂತೆ ಏಕೆ?” ಎಂದು ಕೇಳಿದರು. ವಿದ್ಯುತ್ತಿನ ಬೇಡಿಕೆ-ಪೂರೈಕೆಗಳನ್ನು ಸರಿದೂಗಿಸುವ ಲೋಡ್ ಡಿಸ್ಪ್ಯಾಚ್ ಕೇಂದ್ರದಿಂದ ನಿವೃತ್ತರಾಗಿದ್ದರೂ ಇಂದಿಗೂ ಮಲಗುವ ಮುನ್ನ ಆವರ್ತನ, ಅಂದರೆ ಕರೆಂಟು ಸೆಕೆಂಡಿಗೆ ಎಷ್ಟು ಸಲ ಮಿಡಿಯುತ್ತದೆಂಬ ಲೆಕ್ಕ, 50 ಹರ್ಟ್ಸ್ ಇದೆಯೇ ಎಂದು ಮೊಬೈಲಿನಲ್ಲಿ ನೋಡಿಕೊಳ್ಳುವ ಎಂಜಿನಿಯರರಿಗೆ ಅಷ್ಟೇ ಸಾಕಾಯಿತು.

“ಬೀಸುವ ಕಲ್ಲನ್ನು ನೆನೆಸಿಕೊಳ್ಳಿ,” ಎಂದರು ಅವರು. “ಕೈ ಬಿಟ್ಟರೂ ಭಾರದ ಕಲ್ಲು ಇನ್ನೆರಡು ಸುತ್ತು ತಿರುಗುತ್ತದೆ. ಶರಾವತಿಯಲ್ಲಿ, ರಾಯಚೂರಿನಲ್ಲಿ ತಿರುಗುವ ದೊಡ್ಡ ಜನರೇಟರುಗಳೂ ಹಾಗೆಯೇ; ಅವುಗಳ ವೇಗ ತಗ್ಗಿದರೆ ಆವರ್ತನವೂ ತಗ್ಗುತ್ತದೆ. ಎಲ್ಲೋ ಒಂದು ಘಟಕ ಕೈಕೊಟ್ಟರೆ, ಉಳಿದವುಗಳ ವೇಗ ಕಾಯುವ ಗವರ್ನರು ಸಾಧನಗಳು ಹೆಚ್ಚು ನೀರನ್ನೋ ಉಗಿಯನ್ನೋ ಬಿಡುವವರೆಗಿನ ಕೆಲವು ಸೆಕೆಂಡುಗಳ ಕೊರತೆಯನ್ನು ಈ ಭಾರವೇ ತುಂಬುತ್ತದೆ. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ ಮಾರ್ಗದಿಂದ ದಕ್ಷಿಣದ ಗ್ರಿಡ್ಡು ದೇಶದ ಗ್ರಿಡ್ಡಿಗೆ ಸೇರಿದ ಮೇಲೆ, ನಮ್ಮ ಆವರ್ತನಕ್ಕೆ ಉತ್ತರದ ಕಲ್ಲುಗಳೂ ಹೆಗಲು ಕೊಡುತ್ತವೆ. ಆದರೂ 49.90ರಿಂದ 50.05 ಹರ್ಟ್ಸ್‌ನೊಳಗೆ ಅದನ್ನು ಹಿಡಿದಿಡುವುದೆಂದರೆ ಕೂಸಿಗೆ ನಿದ್ದೆ ಮಾಡಿಸಿದಷ್ಟೇ ಕಷ್ಟ.”

“ಗಾಳಿಯಂತ್ರದ ರೆಕ್ಕೆಗಳಿಗೇನು ಭಾರವಿಲ್ಲವೇ?” ಎಂದರು ಮೇಷ್ಟ್ರು.

“ಭಾರವೇನೋ ಬೇಕಾದಷ್ಟಿದೆ, ಮೇಷ್ಟ್ರೇ. ಆದರೆ ಈಗಿನ ಯಂತ್ರಗಳಲ್ಲಿ ರೆಕ್ಕೆಗೂ ಗ್ರಿಡ್ಡಿಗೂ ನಡುವೆ ವಿದ್ಯುತ್ತಿನ ರೂಪ ಬದಲಿಸುವ ಕನ್ವರ್ಟರ್ ಇರುವುದರಿಂದ, ಆವರ್ತನ ಕುಸಿದದ್ದು ರೆಕ್ಕೆಗೆ ತಿಳಿಯುವುದೇ ಇಲ್ಲ. ಊರಿನವರೆಲ್ಲ ತೇರು ಎಳೆಯುವಾಗ ಹಗ್ಗ ಮುಟ್ಟದೆ ಬಾಳೆಹಣ್ಣು ತಿನ್ನುತ್ತ ಪಕ್ಕದಲ್ಲಿ ನಡೆಯುವ ದಪ್ಪನೆಯ ನೆಂಟನಿದ್ದಂತೆ. ಆಷಾಢದಲ್ಲಂತೂ ಮಳೆ ಬಂದು ಪಂಪ್‌ಸೆಟ್ಟುಗಳು ನಿಂತಿರುತ್ತವೆ, ಗಾಳಿ ಜೋರಾಗಿರುತ್ತದೆ. ಬೇಡಿಕೆ ತಗ್ಗಿತೆಂದು ಉಷ್ಣ ಘಟಕಗಳನ್ನು ನಿಲ್ಲಿಸಿದಷ್ಟೂ ಹಗ್ಗ ಹಿಡಿಯುವವರು ಕಡಿಮೆಯಾಗುತ್ತಾರೆ.”

“ಆ ನೆಂಟನಿಗೆ ನೋಟೀಸು ಕೊಡಬೇಕಿತ್ತು,” ಎಂದರು ವಕೀಲರು.

“ಕೆನಡಾದಲ್ಲಿ ಕೊಟ್ಟಿದ್ದಾರೆ. ಆವರ್ತನ ಕುಸಿದಾಗ ಗಾಳಿ ಸ್ಥಾವರಗಳು ಕೆಲವು ಸೆಕೆಂಡು ಹೆಚ್ಚು ವಿದ್ಯುತ್ ಕೊಡಲೇಬೇಕೆಂದು ಅಲ್ಲಿನ ವಿದ್ಯುತ್ ಸಂಸ್ಥೆ ಹೈಡ್ರೋ-ಕ್ವಿಬೆಕ್ ನಿಯಮ ಮಾಡಿದೆ. ತಿರುಗುವ ರೆಕ್ಕೆಯಲ್ಲಿರುವ ಶಕ್ತಿಯನ್ನು ಕನ್ವರ್ಟರು ಎಳೆದು ಕೊಡುತ್ತದೆ. ಆದರೆ ಅದು ಕೈಗಡ, ಸ್ವಾಮಿ! ಸಾಲ ಕೊಟ್ಟ ರೆಕ್ಕೆ ನಿಧಾನವಾಗುತ್ತದೆ; ಮತ್ತೆ ವೇಗ ಪಡೆಯಲು ಅದು ತನ್ನ ಉತ್ಪಾದನೆಯನ್ನು ತಗ್ಗಿಸಿಕೊಳ್ಳುವುದರಿಂದ, ಎಚ್ಚರ ತಪ್ಪಿದರೆ ಆವರ್ತನ ಎರಡನೆಯ ಸಲ ಕುಸಿಯುತ್ತದೆ.”

“ಯುಗಾದಿಯಲ್ಲಿ ನಾನು ನಿಮ್ಮಿಂದ ಪಡೆದ 500 ರೂಪಾಯಿಯೂ ಇದೇ ಬಗೆಯದೆನ್ನಿ,” ಎಂದರು ವಕೀಲರು.

“ಗಾಳಿಯ ಲೆಕ್ಕ ನಿಮಿಷದೊಳಗೆ ಚುಕ್ತಾ ಆಗುತ್ತದೆ,” ಎಂದು ಎಂಜಿನಿಯರರು ಮುಖ ತಿರುಗಿಸಿದರು.

ಜಗಳ ತಪ್ಪಿಸಲೆಂದು ಮೇಷ್ಟ್ರು, ಗಾಳಿಯಂತ್ರಕ್ಕೆ ಈ ಕೈಗಡ ಬಿಟ್ಟು ಬೇರೆ ದಾರಿಯಿಲ್ಲವೇ ಎಂದು ಕೇಳಿದರು. ರೆಕ್ಕೆಯ ಕೋನವನ್ನು ತುಸು ತಿರುಗಿಸಿ, ಸಾಧ್ಯವಿರುವುದಕ್ಕಿಂತ ಕಡಿಮೆ ಉತ್ಪಾದಿಸುತ್ತ, ಉಳಿದದ್ದನ್ನು ಆಪತ್ತಿಗೆ ಮೀಸಲಿಡಬಹುದು. ಆದರೆ ಮಾರದ ಯೂನಿಟ್ಟಿಗೆ ಹಣ ಕೊಡುವವರಾರು ಎಂಬುದೇ ಮಾಲೀಕರ ತಕರಾರು ಎಂದು ಎಂಜಿನಿಯರರು ವಿವರಿಸುತ್ತಿದ್ದಂತೆ, ಮೇಷ್ಟ್ರು ಮನೆಗೆ ಒಯ್ಯಲೆಂದು ತಟ್ಟೆ ಮುಚ್ಚಿ ಮೀಸಲಿಟ್ಟಿದ್ದ ಎರಡು ಬಜ್ಜಿಗಳು ವಕೀಲರ ಬಾಯಿ ಸೇರಿದ್ದವು.