ಡಿಕ್ಕಿಗೆ ಹೊಸ ರಬ್ಬರ್ ಬೀಡಿಂಗ್: ಮುಚ್ಚಳ ಕೂರುತ್ತಿಲ್ಲ, ಸೋರುವುದೂ ನಿಂತಿಲ್ಲ

ಪ್ರಶ್ನೆ:
ಎಪ್ಪತ್ತರ ದಶಕದ ಸೆಡಾನ್. ಡಿಕ್ಕಿಯ ಅಂಚಿನ ಸುತ್ತ ಕೂರುವ ಹಳೇ ರಬ್ಬರ್ ಪಟ್ಟಿ, ಅಂದರೆ ಬೀಡಿಂಗ್, ಒಣಗಿ, ಬಿರುಕು ಬಿಟ್ಟು, ಮುಟ್ಟಿದಲ್ಲೆಲ್ಲ ಪುಡಿ ಉದುರುತ್ತಿತ್ತು. ಅದನ್ನು ಕಿತ್ತು, ಇಪಿಡಿಎಂ (ಒಂದು ಬಗೆಯ ಕೃತಕ ರಬ್ಬರ್) ಸ್ಪಂಜ್ ರಬ್ಬರಿನ ಹೊಸದನ್ನು ತಂದು, ಅಂಟು ಹಾಕದೆ ಸುಮ್ಮನೆ ಕೂರಿಸಿ ನೋಡಿದೆ. ಮುಚ್ಚಳವನ್ನು ಜೋರಾಗಿ ಅಪ್ಪಳಿಸಿದರೆ ಮಾತ್ರ ಲಾಕ್ ಬೀಳುತ್ತದೆ. ಹಿಂಜ್ ಪಕ್ಕದ ಎರಡೂ ಮೂಲೆಗಳಲ್ಲಿ ರಬ್ಬರ್ ಮೇಲೆದ್ದು ನಿಲ್ಲುತ್ತದೆ. ಇಷ್ಟಾದರೂ ಕಾರು ತೊಳೆದರೆ ಬಲಗಡೆ, ಸ್ಟೆಪ್ನಿ ಇಡುವ ಗುಂಡಿಯಲ್ಲಿ ನೀರು ನಿಲ್ಲುತ್ತದೆ. ಅಂಟು ಹಾಕಿದರೆ ಎಲ್ಲ ಸರಿಹೋಗುತ್ತದೆಯೇ? ಅಥವಾ ಬೀಡಿಂಗೇ ತಪ್ಪು ಅಳತೆಯದೇ?

ಉತ್ತರ:
ದಯವಿಟ್ಟು ಈಗಲೇ ಅಂಟು ಹಾಕಬೇಡಿ. ಅಂಟು ರಬ್ಬರನ್ನು ಜಾಗದಲ್ಲಿ ಹಿಡಿದಿಡುತ್ತದೆ ಅಷ್ಟೇ, ಸೋರಿಕೆ ತಡೆಯುವುದು ರಬ್ಬರಿನ ಮೇಲೆ ಬೀಳುವ ಒತ್ತಡ. ಆ ಒತ್ತಡ ಎಲ್ಲಿ ಹೆಚ್ಚು, ಎಲ್ಲಿ ಕಡಿಮೆ ಎಂದು ತಿಳಿಯದೆ ಅಂಟಿಸಿದರೆ ಮತ್ತೆ ಕೀಳುವ ಕೆಲಸ ತಪ್ಪುವುದಿಲ್ಲ.

ಮೊದಲು ಚಾಕ್‌ಪೀಸ್ ಪರೀಕ್ಷೆ ಮಾಡಿ. ರಬ್ಬರಿನ ಮೇಲ್ಮೈಗೆ ಸುತ್ತಲೂ ಚಾಕ್ ಉಜ್ಜಿ, ಮುಚ್ಚಳ ಹಾಕಿ ತೆಗೆಯಿರಿ. ಮುಚ್ಚಳದ ಒಳಬದಿಯಲ್ಲಿ ಬಿಳಿ ಗೆರೆ ಎಲ್ಲಿ ದಪ್ಪ, ಎಲ್ಲಿ ತೆಳು, ಎಲ್ಲಿ ಕಡಿದಿದೆ ಎಂದು ಕಾಣುತ್ತದೆ. ಆಮೇಲೆ ಒಂದು ಕಾಗದದ ಪಟ್ಟಿಯನ್ನು ರಬ್ಬರಿಗೂ ಮುಚ್ಚಳಕ್ಕೂ ನಡುವೆ ಇಟ್ಟು ಮುಚ್ಚಿ, ಮೆಲ್ಲಗೆ ಎಳೆಯಿರಿ. ಸ್ವಲ್ಪ ಬಿಗಿಯಾಗಿ ಜಾರಿ ಬಂದರೆ ಸರಿ. ಸಲೀಸಾಗಿ ಬಂದರೆ ಅಲ್ಲಿ ಸಂದು ಇದೆ. ಹರಿದೇ ಹೋದರೆ ಅಲ್ಲಿ ರಬ್ಬರ್ ಅತಿಯಾಗಿ ಅಮುಕಿದೆ.

ಇನ್ನು ಮುಚ್ಚಳ ಕೂರದಿರುವುದಕ್ಕೆ ಬೀಡಿಂಗನ್ನು ದೂರುವ ಮೊದಲು ಲಾಕ್ ನೋಡಿ. ಹಳೇ ಕಾರುಗಳಲ್ಲಿ ಇದನ್ನು ಪದೇಪದೇ ಕಂಡಿದ್ದೇನೆ. ವರ್ಷಗಳು ಕಳೆದಂತೆ ರಬ್ಬರ್ ಚಪ್ಪಟೆಯಾಗುತ್ತದೆ, ಮುಚ್ಚಳ ಲೊಡಲೊಡ ಎನ್ನುತ್ತದೆ, ಆಗ ಯಾರೋ ಸ್ಟ್ರೈಕರನ್ನು (ಲಾಕ್ ಹೋಗಿ ಕಚ್ಚಿಕೊಳ್ಳುವ ಕೊಂಡಿ) ಕೆಳಗಿಳಿಸಿ ಬಿಗಿ ಮಾಡಿರುತ್ತಾರೆ. ಹಿಂಜಿನ ಬೋಲ್ಟುಗಳನ್ನೂ ಸರಿಸಿರಬಹುದು. ಆ ಹೊಂದಾಣಿಕೆ ಸತ್ತ ರಬ್ಬರಿಗೆ ಮಾಡಿದ್ದು, ಹೊಸದಕ್ಕೆ ಅದು ಒಗ್ಗುವುದಿಲ್ಲ. ಸ್ಟ್ರೈಕರ್ ಬಾಡಿಯ ಕಡೆ ಇದ್ದರೆ ಬೋಲ್ಟ್ ಸಡಿಲಿಸಿ ಕೊಂಚವೇ ಮೇಲೆತ್ತಿ. ಸಡಿಲಿಸುವ ಮುನ್ನ ಅದರ ಸುತ್ತ ಪೆನ್ಸಿಲ್‌ನಿಂದ ಗುರುತು ಹಾಕಿ, ಬೇಕಾದರೆ ಹಿಂದಿನ ಜಾಗಕ್ಕೇ ತರಬಹುದು. ಮುಚ್ಚಳದ ಅಂಚಿನಲ್ಲಿ ತಿರುಗಿಸಿ ಎತ್ತರ ಬದಲಿಸುವ ರಬ್ಬರ್ ಸ್ಟಾಪರ್‌ಗಳಿದ್ದರೆ ಅವನ್ನೂ ನೋಡಿಕೊಳ್ಳಿ.

ಮೂಲೆಗಳಲ್ಲಿ ಏಳುವುದು ಸಾಮಾನ್ಯವಾಗಿ ರಬ್ಬರ್ ಬಿಗಿಯಾಗಿ ಎಳೆದು ನಿಂತಿರುವುದರಿಂದ. ಎಳೆದ ರಬ್ಬರ್ ತನ್ನ ಉದ್ದಕ್ಕೆ ಮರಳಲು ನೋಡುತ್ತದೆ, ತಿರುವಿನಲ್ಲಿ ಒಳಕ್ಕೆ ಜಗ್ಗುತ್ತದೆ. ಪ್ಯಾಕೆಟ್ಟಿನಲ್ಲಿ ಸುರುಳಿ ಸುತ್ತಿ ಬಂದದ್ದನ್ನು ಬಿಸಿಲಲ್ಲಿ ನೇರ ಹರಡಿ, ಮೆತ್ತಗಾದ ಮೇಲೆ ಮೂಲೆಗಳಿಂದ ಶುರು ಮಾಡಿ, ತಿರುವಿನೊಳಗೆ ಸ್ವಲ್ಪ ಹೆಚ್ಚೇ ತುಂಬಿ. ನೇರ ಭಾಗ ತಾನಾಗಿ ಕೂರುತ್ತದೆ. ಕತ್ತರಿಸುವುದು ಕೊನೆಗೆ.

ಪ್ರಶ್ನಿಸಿದವರು:
ತುಂಬಾ ಧನ್ಯವಾದ ಸರ್. ಸ್ಟ್ರೈಕರ್ ನಿಜಕ್ಕೂ ತೀರಾ ಕೆಳಗಿತ್ತು, ಮೇಲೆತ್ತಿದ ಮೇಲೆ ಅಂಗೈಯಿಂದ ಒತ್ತಿದರೆ ಮುಚ್ಚಿಕೊಳ್ಳುತ್ತದೆ. ಬಿಸಿಲಿಗಿಟ್ಟ ಮೇಲೆ ಮೂಲೆಗಳೂ ಕೂತಿವೆ. ಚಾಕ್ ಗೆರೆ ಸುತ್ತಲೂ ಒಂದೇ ಸಮ ಬರುತ್ತಿದೆ. ಆದರೆ ಬಲಗಡೆ ಗುಂಡಿಗೆ ನೀರು ಬರುವುದು ಹಾಗೇ ಇದೆ!

ಇನ್ನೊಬ್ಬರ ಉತ್ತರ:
ಚಾಕ್ ಗೆರೆ ಪೂರ್ತಿ ಇದ್ದೂ ನೀರು ಬರುತ್ತಿದ್ದರೆ ದಾರಿ ಬೇರೆ. ಟೇಲ್ ಲ್ಯಾಂಪಿನ ಗ್ಯಾಸ್ಕೆಟ್ (ಸಂದು ಮುಚ್ಚುವ ಮೆತ್ತನೆ ಪದರ), ಹಿಂದಿನ ಗಾಜಿನ ರಬ್ಬರ್, ಆಂಟೆನಾ ತೂತಿನ ಗ್ರೊಮೆಟ್ (ತೂತಿನ ಸುತ್ತ ಕೂರುವ ರಬ್ಬರ್ ಬಳೆ), ಬ್ಯಾಡ್ಜ್ ಸಿಕ್ಕಿಸಿದ ತೂತುಗಳು, ಚಕ್ರದ ಗುಮ್ಮಟದ ಬಳಿ ತಗಡುಗಳು ಕೂಡುವ ಜಾಗದ ಸೀಲರ್, ಇವಿಷ್ಟನ್ನೂ ಅನುಮಾನಿಸಿ. ಡಿಕ್ಕಿಯ ಮ್ಯಾಟ್, ಪಕ್ಕದ ಹೊದಿಕೆ ಎಲ್ಲ ತೆಗೆದು ಒಳಗೆ ಒಣಗಿಸಿ. ಪೈಪಿನ ನೀರನ್ನು ಸಣ್ಣಗೆ ಬಿಟ್ಟು, ಕೆಳಗಿನಿಂದ ಮೇಲಕ್ಕೆ ಬನ್ನಿ: ಮೊದಲು ದೀಪದ ಸುತ್ತ, ಆಮೇಲೆ ಮುಚ್ಚಳದ ಅಂಚು, ಕೊನೆಗೆ ಗಾಜು. ಮೇಲಿನಿಂದ ಶುರು ಮಾಡಿದರೆ ನೀರು ಎಲ್ಲದರ ಮೇಲೂ ಹರಿದು ಯಾವುದೆಂದು ಗೊತ್ತಾಗುವುದಿಲ್ಲ.

ಟಾರ್ಚ್ ಹಿಡಿದು ಒಳಗೆ ಕೂತು ನೋಡುವವರೂ ಇದ್ದಾರೆ. ಹಾಗೆ ಮಾಡುವುದಾದರೆ ಕೀಲಿ ಹಿಡಿದ ಒಬ್ಬರು ಹೊರಗೆ ಇರಲೇಬೇಕು, ಹಿಂದಿನ ಸೀಟು ತೆಗೆದಿರಬೇಕು. ಒಳಗಿನಿಂದ ಡಿಕ್ಕಿ ತೆರೆಯುವ ಹಿಡಿಕೆ ಅಮೆರಿಕದಲ್ಲಿ ಕಡ್ಡಾಯವಾದದ್ದೇ 2001ರ ಸೆಪ್ಟೆಂಬರಿನಿಂದ. ನಿಮ್ಮದರಷ್ಟು ಹಳೇ ಕಾರಿನಲ್ಲಿ ಅದು ಇರುವುದಿಲ್ಲ. ಮಕ್ಕಳನ್ನಂತೂ ಕೂರಿಸಲೇಬೇಡಿ.

ಇನ್ನೊಂದು ಮಾತು. ನೀರು ಬರುವ ಸಂದಿನಲ್ಲಿ ಹೊಗೆಯೂ ಬರುತ್ತದೆ. ಕಾರು ಓಡುವಾಗ ಅದರ ಬೆನ್ನ ಹಿಂದೆ ಗಾಳಿಯ ಒತ್ತಡ ಕಡಿಮೆಯಾಗಿ, ಸೈಲೆನ್ಸರಿನ ಹೊಗೆ ಅಲ್ಲೇ ಸುಳಿದಾಡುತ್ತದೆ. ಡಿಕ್ಕಿಗೂ ಸೀಟಿಗೂ ನಡುವೆ ಬರೀ ರಟ್ಟಿನ ತಡೆ ಇರುವ ಕಾರುಗಳಲ್ಲಿ ಕಾರ್ಬನ್ ಮೊನಾಕ್ಸೈಡ್ ಒಳಗೆ ಸೇರಬಹುದು. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಆದ್ದರಿಂದ ಈ ಸೋರಿಕೆಯನ್ನು ಪೂರ್ತಿ ಹಿಡಿಯುವವರೆಗೆ ಬಿಡಬೇಡಿ.

ಪ್ರಶ್ನಿಸಿದವರು:
ಸಿಕ್ಕಿತು! ಬಲಗಡೆ ಟೇಲ್ ಲ್ಯಾಂಪಿನ ಕೆಳಗಿನ ಸ್ಕ್ರೂ ಪಕ್ಕದಿಂದ ನೀರು ಒಳಗೋಡೆ ಹಿಡಿದು ಇಳಿಯುತ್ತಿದೆ. ಗ್ಯಾಸ್ಕೆಟ್ ಕುಗ್ಗಿಹೋಗಿದೆ, ಬದಲಿಸುತ್ತೇನೆ. ಈಗ ಬೀಡಿಂಗ್ ಅಂಟಿಸಬಹುದೇ? ಅದು ಕೂರುವ ಅಂಚಿನಲ್ಲಿ ಹಳೇ ಅಂಟಿನ ಗಡ್ಡೆಗಳಿವೆ, ಅಲ್ಲಲ್ಲಿ ತುಕ್ಕೂ ಇದೆ. ಸಿಲಿಕೋನ್ ಸಾಕೇ?

ಮೊದಲು ಉತ್ತರಿಸಿದವರು:
ಸಿಲಿಕೋನ್ ಬೇಡ. ವಿನೆಗರ್ ವಾಸನೆಯ ಸಿಲಿಕೋನ್ ಒಣಗುವಾಗ ಅಸಿಟಿಕ್ ಆಮ್ಲ ಬಿಡುತ್ತದೆ, ಬರಿ ತಗಡಿಗೆ ಅದು ತುಕ್ಕನ್ನು ಕರೆದಂತೆ. ಮುಂದೆ ಪೇಂಟ್ ಮಾಡಿಸುವಾಗಲೂ ಅದರ ಜಿಡ್ಡು ಬಿಡದೆ ಬಣ್ಣ ಹಿಡಿಯುವುದಿಲ್ಲ.

ಹೆಚ್ಚು ಹೊತ್ತು ಹಿಡಿಯುವ ಕೆಲಸ ಈ ಅಂಚಿನದೇ, ಅವಸರ ಮಾಡಬೇಡಿ. ಸುತ್ತಲಿನ ಪೇಂಟಿಗೆ ಮಾಸ್ಕಿಂಗ್ ಟೇಪ್ ಹಾಕಿ, ಹಳೇ ಅಂಟನ್ನು ಪ್ಲಾಸ್ಟಿಕ್ ಕೆರೆಯುವ ಪಟ್ಟಿಯಿಂದ ತೆಗೆದು, ಉಳಿದದ್ದನ್ನು ಟರ್ಪೆಂಟೈನ್ ಬಟ್ಟೆಯಿಂದ ಮೆತ್ತಗೆ ಮಾಡಿ ಒರೆಸಿ. ಥಿನ್ನರ್ ಹಾಕಿದರೆ ಹಳೇ ಪೇಂಟೂ ಕಿತ್ತು ಬರಬಹುದು. ತುಕ್ಕನ್ನು ಬರಿ ಲೋಹ ಕಾಣುವವರೆಗೆ ಉಜ್ಜಿ, ಪ್ರೈಮರ್, ಮೇಲೆ ಪೇಂಟ್ ಬಳಿದು ಪೂರ್ತಿ ಒಣಗಲು ಬಿಡಿ. ತುಕ್ಕಿನ ಮೇಲೆ ಅಂಟಿಸಿದ ರಬ್ಬರ್ ಪದರಿನ ಸಮೇತ ಎದ್ದು ಬರುತ್ತದೆ.

ಹೊಸ ರಬ್ಬರಿನ ತಳವನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಒರೆಸಿ, ಅಚ್ಚಿನಿಂದ ಬಂದ ಜಾರು ಪದಾರ್ಥ ಅದರ ಮೇಲಿರುತ್ತದೆ. ಬೀಡಿಂಗಿಗೆಂದೇ ಬರುವ ಅಂಟನ್ನು ಎರಡೂ ಕಡೆ ತೆಳ್ಳಗೆ ಹಚ್ಚಿ, ಬೆರಳಿಗೆ ಅಂಟಿಯೂ ಅಂಟದ ಹಾಗಾದ ಮೇಲೆ ಕೂರಿಸಿ. ಒಂದೊಂದು ಮೊಳದಷ್ಟೇ ಹಚ್ಚುತ್ತಾ ಹೋಗಿ. ಜೋಡಣೆ ಹಳೆಯದಕ್ಕೆ ಎಲ್ಲಿತ್ತೋ ಅಲ್ಲೇ ಇರಲಿ. ತುದಿಯನ್ನು ಅರ್ಧ ಸೆಂಟಿಮೀಟರ್ ಉದ್ದ ಬಿಟ್ಟು ಕತ್ತರಿಸಿ, ಎರಡು ತುದಿಗಳನ್ನು ಎದುರುಬದುರು ಒತ್ತಿ ಸೂಪರ್ ಗ್ಲೂ ಹಾಕಿ. ರಬ್ಬರಿನಲ್ಲಿ ಗಾಳಿ ಹೋಗುವ ಸಣ್ಣ ತೂತುಗಳಿದ್ದರೆ ಮುಚ್ಚಿಬಿಡಬೇಡಿ, ಅವು ಮುಚ್ಚಿದರೆ ಮುಚ್ಚಳ ಮತ್ತೆ ಪುಟಿಯುತ್ತದೆ.

ಅಂಟು ಒಣಗುವವರೆಗೆ ಮುಚ್ಚಳ ಲಾಕ್ ಮಾಡಿಡಿ, ಒಳಬದಿಗೆ ಟಾಲ್ಕಂ ಪೌಡರ್ ಸವರಿದ್ದರೆ ರಬ್ಬರ್ ಮುಚ್ಚಳಕ್ಕೆ ಹತ್ತಿಕೊಳ್ಳುವುದಿಲ್ಲ. ಆಮೇಲೆ ಆಗಾಗ ಸಿಲಿಕೋನ್ ಗ್ರೀಸ್ ತೆಳುವಾಗಿ ಹಚ್ಚಿದರೆ ಸಾಕು. ವ್ಯಾಸಲೀನ್, ಸಾಮಾನ್ಯ ಗ್ರೀಸ್, ಎಂಜಿನ್ ಆಯಿಲ್ ಮಾತ್ರ ತಾಗಿಸಬೇಡಿ. ಪೆಟ್ರೋಲಿಯಂ ಎಣ್ಣೆಗೆ ಇಪಿಡಿಎಂ ಉಬ್ಬುತ್ತದೆ.